ಎಷ್ಟು ಹೊತ್ತಿಗೆ, ಎಷ್ಟು ಹೊತ್ತು: ಫಿಸಿಕ್ಸ್ ಲೆಕ್ಕದಲ್ಲಿ ಕ್ಷಣ ಮತ್ತು ಅವಧಿಯನ್ನು ಬೇರೆ ಮಾಡಿ ನೋಡುವುದು ಹೇಗೆ?

ಎತ್ತರದ ಜಾಗದಿಂದ ಒಂದು ಕಲ್ಲನ್ನು ಸುಮ್ನೆ ಕೈಬಿಡುತ್ತೀರಿ ಎಂದುಕೊಳ್ಳಿ. ಗಾಳಿಯ ತಡೆಯನ್ನು ಬಿಟ್ಟುಬಿಡೋಣ. ಲೆಕ್ಕ ಸುಲಭವಾಗಲಿ ಎಂದು ಗುರುತ್ವದ ವೇಗೋತ್ಕರ್ಷವನ್ನು 10 ಎಂದೇ ಇಟ್ಟುಕೊಳ್ಳೋಣ, ಅಂದರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 10 ಮೀಟರ್‌ನಷ್ಟು ಬದಲಾಗುತ್ತದೆ. ಈಗ ಮೂರು ಪ್ರಶ್ನೆ. ಮೊದಲ 3 ಸೆಕೆಂಡಿನಲ್ಲಿ ಕಲ್ಲು ಎಷ್ಟು ದೂರ ಬೀಳುತ್ತದೆ? 3ನೇ ಸೆಕೆಂಡಿನಲ್ಲಿ ಎಷ್ಟು ದೂರ ಬೀಳುತ್ತದೆ? 3 ಸೆಕೆಂಡು ಆದಾಗ ಅದರ ವೇಗ ಎಷ್ಟು?

ಉತ್ತರ: 45 ಮೀಟರ್, 25 ಮೀಟರ್, ಸೆಕೆಂಡಿಗೆ 30 ಮೀಟರ್.

ಮೂರು ಪ್ರಶ್ನೆಯಲ್ಲೂ ಕಾಣುವುದು ಅದೇ 3. ಆದರೆ ಮೊದಲನೆಯದು ಕಲ್ಲು ಕೈಬಿಟ್ಟಲ್ಲಿಂದ ಹಿಡಿದು ಮೂರು ಸೆಕೆಂಡಿನಷ್ಟು ಉದ್ದದ ಕಾಲ. ಎರಡನೆಯದು ಒಂದೇ ಒಂದು ಸೆಕೆಂಡಿನ ಕಾಲ: 2 ಮುಗಿದಲ್ಲಿಂದ 3 ಮುಗಿಯುವವರೆಗೆ. ಮೂರನೆಯದಕ್ಕೆ ಉದ್ದವೇ ಇಲ್ಲ. ಅದು ಗಡಿಯಾರದಲ್ಲಿ ಒಂದು ಗುರುತು, ಅಷ್ಟೇ. ಉದ್ದ ಇರುವುದು ಅವಧಿ. ಉದ್ದ ಇಲ್ಲದ ಗುರುತು ಕ್ಷಣ.

ಪಿಯುಸಿಯಲ್ಲಿ ಚಲನೆಯ ಪಾಠ ಕಷ್ಟ ಎನ್ನುವ ಮಕ್ಕಳಲ್ಲಿ ಬಹಳ ಮಂದಿಗೆ ಗಣಿತ ಚೆನ್ನಾಗಿಯೇ ಬರುತ್ತದೆ ಎಂದು ನನ್ನ ನಂಬಿಕೆ. ಅವರು ಎಡವುವುದು ಈ ಎರಡನ್ನೂ ಒಂದೇ ಅಕ್ಷರದಲ್ಲಿ ಬರೆದು, ಒಂದೇ ಎಂದುಕೊಂಡಾಗ. ಹಾಗಾಗಿ ಸೂತ್ರಕ್ಕೆ ಕೈಹಾಕುವ ಮೊದಲೇ ಮಾಡಬೇಕಾದ ಕೆಲಸವನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಪಕ್ಕದಲ್ಲಿ ಪೆನ್ನು, ಕಾಗದ ಇಟ್ಟುಕೊಂಡು ಓದಿ.

ಮೊದಲ ಹೆಜ್ಜೆ: ಪ್ರತಿ ಸಂಖ್ಯೆಗೂ ಒಂದು ಪ್ರಶ್ನೆ ಕೇಳಿ

ಲೆಕ್ಕದಲ್ಲಿ ಕಾಲದ ಸಂಖ್ಯೆ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಕೇಳಿ: ಇದು "ಎಷ್ಟು ಹೊತ್ತಿಗೆ?" ಎನ್ನುವುದಕ್ಕೆ ಉತ್ತರವೋ, "ಎಷ್ಟು ಹೊತ್ತು?" ಎನ್ನುವುದಕ್ಕೆ ಉತ್ತರವೋ? ಮೊದಲನೆಯದಾದರೆ ಸಂಖ್ಯೆಯ ಮೇಲೆ ಒಂದು ಚುಕ್ಕಿ ಇಡಿ. ಎರಡನೆಯದಾದರೆ ಕೆಳಗೆ ಒಂದು ಗೆರೆ ಎಳೆಯಿರಿ.

ಒಂದು ಬಸ್ಸು ಬೆಳಗ್ಗೆ 6:15ಕ್ಕೆ ಬೆಂಗಳೂರು ಬಿಟ್ಟು 9:30ಕ್ಕೆ ಮೈಸೂರು ಸೇರಿತು. ದೂರ 145 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಸರಾಸರಿ ವೇಗ ಎಷ್ಟು? 6:15ಕ್ಕೆ ಚುಕ್ಕಿ, 9:30ಕ್ಕೆ ಚುಕ್ಕಿ. ಗೆರೆ ಎಳೆಯಬೇಕಾದ ಸಂಖ್ಯೆ ಪ್ರಶ್ನೆಯಲ್ಲಿ ಇಲ್ಲವೇ ಇಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು: 3 ಗಂಟೆ 15 ನಿಮಿಷ, ಅಂದರೆ 3.25 ಗಂಟೆ. 3.15 ಎಂದು ಬರೆದರೆ ಲೆಕ್ಕ ಕೆಡುತ್ತದೆ, ಏಕೆಂದರೆ 15 ನಿಮಿಷ ಎಂದರೆ ಗಂಟೆಯ ಕಾಲು ಭಾಗ. 145ನ್ನು 3.25ರಿಂದ ಭಾಗಿಸಿದರೆ ಗಂಟೆಗೆ ಸುಮಾರು 44.6 ಕಿಲೋಮೀಟರ್.

ಇದೇ ಬಸ್ಸು 8 ಗಂಟೆಗೆ ಎಷ್ಟು ವೇಗದಲ್ಲಿ ಹೋಗುತ್ತಿತ್ತು? ಗೊತ್ತಿಲ್ಲ. 8 ಗಂಟೆಗೆ ಅದು ಮದ್ದೂರಿನಲ್ಲಿ ತಿಂಡಿಗೆ ನಿಂತಿರಬಹುದು. ಆಗ ವೇಗ ಸೊನ್ನೆ. 44.6 ಎನ್ನುವುದು ಇಡೀ ಅವಧಿಗೆ ಸೇರಿದ ಸಂಖ್ಯೆ. ಅದನ್ನು ಯಾವುದೋ ಒಂದು ಕ್ಷಣಕ್ಕೆ ಹಚ್ಚುವ ಹಕ್ಕು ನಮಗಿಲ್ಲ.

ಎರಡನೇ ಹೆಜ್ಜೆ: ಗೆರೆ ಎಳೆದು, ಸೊನ್ನೆ ಎಲ್ಲಿ ಎಂದು ಗುರುತು ಮಾಡಿ

ಕಾಗದದ ಮೇಲೆ ಒಂದು ಅಡ್ಡಗೆರೆ ಎಳೆಯಿರಿ. ಕ್ಷಣಗಳು ಆ ಗೆರೆಯ ಮೇಲಿನ ಚುಕ್ಕಿಗಳು. ಅವಧಿ ಎಂದರೆ ಎರಡು ಚುಕ್ಕಿಗಳ ನಡುವಿನ ಉದ್ದ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಹಾಗೆ. ಕಲ್ಲಿನ ಮೇಲೆ 40 ಎಂದಿದ್ದರೆ ಅದು ಜಾಗದ ಹೆಸರು. ಎಣಿಕೆ ಬೇರೆ ಊರಿನಿಂದ ಶುರುವಾಗಿದ್ದರೆ ಅದೇ ಕಲ್ಲಿನ ಮೇಲೆ ಬೇರೆ ಸಂಖ್ಯೆ ಇರುತ್ತಿತ್ತು. ಆದರೆ ಎರಡು ಕಲ್ಲುಗಳ ನಡುವಿನ ದೂರ ಮಾತ್ರ ಎಲ್ಲಿಂದ ಎಣಿಸಿದರೂ ಅಷ್ಟೇ.

ಸೊನ್ನೆಯನ್ನು ಎಲ್ಲಿ ಇಡಬೇಕು ಎನ್ನುವುದು ನಿಮ್ಮ ಆಯ್ಕೆ. ಪ್ರಕೃತಿ ಯಾವ ಕ್ಷಣದ ಮೇಲೂ ಸೊನ್ನೆ ಎಂದು ಬರೆದಿಟ್ಟಿಲ್ಲ. ಕಲ್ಲು ಕೈಬಿಟ್ಟ ಕ್ಷಣವನ್ನು ಸೊನ್ನೆ ಮಾಡಿಕೊಂಡರೆ ಲೆಕ್ಕ ಸುಲಭ, ಅದಕ್ಕೇ ಹಾಗೆ ಮಾಡುತ್ತೇವೆ.

ಇಲ್ಲಿಂದ ಕೂಡಿಸುವ, ಕಳೆಯುವ ನಿಯಮಗಳು ತಾವಾಗಿಯೇ ಬರುತ್ತವೆ. ಒಂದು ಕ್ಷಣದಿಂದ ಇನ್ನೊಂದು ಕ್ಷಣವನ್ನು ಕಳೆದರೆ ಅವಧಿ ಸಿಗುತ್ತದೆ. ಕ್ಷಣಕ್ಕೆ ಅವಧಿಯನ್ನು ಕೂಡಿಸಿದರೆ ಇನ್ನೊಂದು ಕ್ಷಣ. ಅವಧಿಗೆ ಅವಧಿ ಕೂಡಿಸಿದರೆ ದೊಡ್ಡ ಅವಧಿ. ಕ್ಷಣಕ್ಕೆ ಕ್ಷಣವನ್ನು ಕೂಡಿಸಿದರೆ ಏನೂ ಸಿಗುವುದಿಲ್ಲ, ಅದಕ್ಕೆ ಅರ್ಥವೇ ಇಲ್ಲ.

ಕಾರಣ ಕೇಳಬೇಕು ಅಲ್ವಾ? ಸೊನ್ನೆಯನ್ನು ಜರುಗಿಸಿ ನೋಡಿ. ಭಾರತದ ಸಮಯ ಅಂತಾರಾಷ್ಟ್ರೀಯ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ಮೇಲಿನ ಬಸ್ಸು ಹೊರಟಿದ್ದು ನಮ್ಮ ಗಡಿಯಾರದಲ್ಲಿ 6:15, ಪ್ರಮಾಣ ಸಮಯದಲ್ಲಿ 0:45. ತಲುಪಿದ್ದು ನಮ್ಮಲ್ಲಿ 9:30, ಅಲ್ಲಿ 4:00. ಕಳೆದರೆ ಎರಡರಲ್ಲೂ 3 ಗಂಟೆ 15 ನಿಮಿಷ. ಕೂಡಿಸಿದರೆ ನಮ್ಮಲ್ಲಿ 15:45, ಅಲ್ಲಿ 4:45. ಅಂತರ ಐದೂವರೆ ಗಂಟೆಯೂ ಅಲ್ಲ, ಹನ್ನೊಂದು ಗಂಟೆ! ಅಂದರೆ ಆ ಎರಡು ಮೊತ್ತಗಳು ಒಂದೇ ಕ್ಷಣದ ಎರಡು ಹೆಸರುಗಳೂ ಅಲ್ಲ, ಒಂದೇ ಅವಧಿಯೂ ಅಲ್ಲ. ಸೊನ್ನೆಯ ಜಾಗ ಬದಲಾದ ಮಾತ್ರಕ್ಕೆ ಬಸ್ಸಿನ ಬಗ್ಗೆ ನಿಜ ಬದಲಾಗಬಾರದು. ಬದಲಾದರೆ ನಾವು ಮಾಡಿದ ಲೆಕ್ಕದಲ್ಲಿ ಬಸ್ಸೇ ಇರಲಿಲ್ಲ ಎಂದರ್ಥ.

ಹಾಗಾದರೆ ಎರಡು ಕ್ಷಣಗಳ ಸರಾಸರಿ ತೆಗೆಯಬಹುದೇ? ತೆಗೆಯಬಹುದು. 6:15 ಮತ್ತು 9:30ರ ನಡುವಿನ ಕ್ಷಣ 7 ಗಂಟೆ 52 ನಿಮಿಷ 30 ಸೆಕೆಂಡು. ಪ್ರಮಾಣ ಸಮಯದಲ್ಲಿ ಲೆಕ್ಕ ಹಾಕಿದರೆ 2 ಗಂಟೆ 22 ನಿಮಿಷ 30 ಸೆಕೆಂಡು. ಇದಕ್ಕೆ ಐದೂವರೆ ಗಂಟೆ ಸೇರಿಸಿದರೆ ಅದೇ ಕ್ಷಣ. ಸರಾಸರಿ ತೆಗೆಯುವಾಗ ನಾವು ನಿಜವಾಗಿ ಮಾಡುವುದು ಹೊರಟ ಕ್ಷಣಕ್ಕೆ ಅರ್ಧ ಅವಧಿಯನ್ನು ಸೇರಿಸುವುದು. ಅದಕ್ಕೇ ಇದು ನಿಲ್ಲುತ್ತದೆ. ಯಾವ ಲೆಕ್ಕದ ಬಗ್ಗೆ ಅನುಮಾನ ಬಂದರೂ ಸೊನ್ನೆ ಜರುಗಿಸುವ ಈ ಪರೀಕ್ಷೆ ಮಾಡಿ.

ಮೂರನೇ ಹೆಜ್ಜೆ: ಸೂತ್ರದ ಒಳಗಿನ ಟಿ ಯಾವುದು ಎಂದು ನೋಡಿ

ಈ ಹೆಜ್ಜೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಬಹುಪಾಲು ತಪ್ಪುಗಳು ಇಲ್ಲೇ ಆಗುತ್ತವೆ.

ವಿ = ಯು + ಎಟಿ. ಎಲ್ಲರಿಗೂ ಬಾಯಿಪಾಠ. ಯು ಶುರುವಿನ ವೇಗ, ವಿ ಕೊನೆಯ ವೇಗ, ಎ ವೇಗೋತ್ಕರ್ಷ. ಇಲ್ಲಿ ಟಿ ಎಂದರೆ ಗಡಿಯಾರ ತೋರಿಸುವ ಸಂಖ್ಯೆಯಲ್ಲ. ವೇಗ ಯು ಇದ್ದ ಕ್ಷಣದಿಂದ ವಿ ಆದ ಕ್ಷಣದವರೆಗಿನ ಅವಧಿ. ಯು ಇದ್ದ ಕ್ಷಣವನ್ನೇ ಸೊನ್ನೆ ಮಾಡಿಕೊಂಡಾಗ ಮಾತ್ರ ಈ ಅವಧಿಯೂ ಗಡಿಯಾರದ ಸಂಖ್ಯೆಯೂ ಒಂದೇ ಆಗುತ್ತವೆ. ಶಾಲೆಯ ಲೆಕ್ಕಗಳಲ್ಲಿ ಯಾವಾಗಲೂ ಹಾಗೇ ಇರುವುದರಿಂದ ಎರಡೂ ಒಂದೇ ಎನ್ನುವ ಅಭ್ಯಾಸ ಬೆಳೆಯುತ್ತದೆ. ಎರಡು ವಸ್ತುಗಳು ಬೇರೆ ಬೇರೆ ಕ್ಷಣದಲ್ಲಿ ಹೊರಟ ದಿನ ಆ ಅಭ್ಯಾಸ ಕೈಕೊಡುತ್ತದೆ.

ಈ ಲೆಕ್ಕ ನೋಡಿ. ಎತ್ತರದಿಂದ ಒಂದು ಕಲ್ಲನ್ನು ಕೈಬಿಟ್ಟಿರಿ. ಒಂದು ಸೆಕೆಂಡು ಬಿಟ್ಟು, ಅದೇ ಜಾಗದಿಂದ ಇನ್ನೊಂದು ಕಲ್ಲನ್ನು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಕೆಳಕ್ಕೆ ಎಸೆದಿರಿ. ಎರಡನೆಯದು ಮೊದಲನೆಯದನ್ನು ಯಾವಾಗ ಹಿಡಿಯುತ್ತದೆ?

ಅವಸರದಲ್ಲಿ ಎರಡು ಕಲ್ಲಿಗೂ ಅದೇ ಟಿ ಹಾಕಿದರೆ ಹೀಗಾಗುತ್ತದೆ: ಮೊದಲನೆಯದರ ದೂರ 5ಟಿ² (ಅರ್ಧ × 10 × ಟಿ²), ಎರಡನೆಯದರ ದೂರ 15ಟಿ + 5ಟಿ². ಇವು ಸಮ ಎಂದರೆ 15ಟಿ = 0, ಟಿ = 0. ಎರಡನೇ ಕಲ್ಲು ಕೈಯಲ್ಲಿ ಇರುವಾಗಲೇ ಮೊದಲನೆಯದನ್ನು ಹಿಡಿದುಬಿಟ್ಟಿತು ಎಂದಾಯಿತು!

ಈಗ ಸರಿಯಾಗಿ ಮಾಡೋಣ. ಗಡಿಯಾರ ಒಂದೇ ಇರಲಿ. ಮೊದಲ ಕಲ್ಲು ಬಿಟ್ಟ ಕ್ಷಣ ಸೊನ್ನೆ. ಗಡಿಯಾರ ಟಿ ತೋರಿಸುವಾಗ ಮೊದಲ ಕಲ್ಲು ಬೀಳಲು ಶುರುವಾಗಿ ಟಿ ಸೆಕೆಂಡು ಆಗಿದೆ. ಎರಡನೆಯದು ಹೊರಟು ಟಿ − 1 ಸೆಕೆಂಡು ಮಾತ್ರ ಆಗಿದೆ. ಹಾಗಾಗಿ:

5ಟಿ² = 15(ಟಿ − 1) + 5(ಟಿ − 1)²

ಬಲಗಡೆ ಬಿಡಿಸಿದರೆ 15ಟಿ − 15 + 5ಟಿ² − 10ಟಿ + 5. ಎರಡು ಕಡೆಯ 5ಟಿ² ಹೋಗುತ್ತದೆ. ಉಳಿಯುವುದು 5ಟಿ = 10. ಟಿ = 2. ಸರಿನೋಡಿ: ಮೊದಲ ಕಲ್ಲು 2 ಸೆಕೆಂಡಿನಲ್ಲಿ 20 ಮೀಟರ್ ಬಿದ್ದಿದೆ. ಎರಡನೆಯದು ತನ್ನ 1 ಸೆಕೆಂಡಿನಲ್ಲಿ 15 + 5, ಅಂದರೆ 20 ಮೀಟರ್. ಹಿಡಿದ ಕ್ಷಣ ಒಂದೇ, ಅದು 2. ಆದರೆ ಗಾಳಿಯಲ್ಲಿದ್ದ ಅವಧಿ ಒಂದಕ್ಕೆ 2 ಸೆಕೆಂಡು, ಇನ್ನೊಂದಕ್ಕೆ 1 ಸೆಕೆಂಡು. "ಎರಡನೇ ಕಲ್ಲು ಎಷ್ಟು ಹೊತ್ತಿನಲ್ಲಿ ಹಿಡಿಯಿತು?" ಎಂದು ಕೇಳಿದ್ದರೆ ಉತ್ತರ 1. ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಮೇಷ್ಟ್ರು ಹೇಳುವುದು ಇದಕ್ಕೇ.

ಮೈನಸ್ ಬಂದ ಟಿಯನ್ನು ಗಾಬರಿಯಿಂದ ಹೊಡೆದು ಹಾಕಬೇಡಿ

40 ಮೀಟರ್ ಎತ್ತರದ ಕಟ್ಟಡದ ತುದಿಯಿಂದ ಒಂದು ಚೆಂಡನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ ನೆಲ ಮುಟ್ಟುವುದು ಯಾವಾಗ? ನೆಲ ಮುಟ್ಟಿದಾಗ 40 + 10ಟಿ − 5ಟಿ² = 0. ಸರಳ ಮಾಡಿದರೆ ಸಮೀಕರಣ ಹೀಗೆ ಬರುತ್ತದೆ: ಟಿ² − 2ಟಿ − 8 = 0. ಉತ್ತರಗಳು ಎರಡು, 4 ಮತ್ತು −2.

ಇಲ್ಲಿ "ಕಾಲ ಮೈನಸ್ ಆಗಲಾರದು" ಎಂದು ಬರೆದು −2ನ್ನು ಹೊಡೆದು ಹಾಕುವುದು ರೂಢಿ. 4 ಎನ್ನುವ ಉತ್ತರ ಸರಿ, ಆದರೆ ಕೊಟ್ಟ ಕಾರಣ ಸರಿಯಲ್ಲ. ಕಾದು ನಿಂತ ಹೊತ್ತು ಮೈನಸ್ ಆಗಲಾರದು, ನಿಜ. ಕ್ಷಣ ಧಾರಾಳವಾಗಿ ಮೈನಸ್ ಆಗಬಹುದು. −2 ಎಂದರೆ ಸೊನ್ನೆ ಎಂದು ನಾವು ಕರೆದ ಕ್ಷಣಕ್ಕಿಂತ ಎರಡು ಸೆಕೆಂಡು ಮೊದಲು.

ಆ ಕ್ಷಣದಲ್ಲಿ ಏನಾಗಿರಬೇಕಿತ್ತು ಎಂದು ಸಮೀಕರಣ ಹೇಳುತ್ತಿದೆ, ಕೇಳಿಸಿಕೊಳ್ಳಿ. ಟಿ ಜಾಗದಲ್ಲಿ −2 ಹಾಕಿದರೆ ವೇಗ 10 − 10 × (−2), ಅಂದರೆ ಮೇಲಕ್ಕೆ ಸೆಕೆಂಡಿಗೆ 30 ಮೀಟರ್. ಯಾರೋ ನೆಲದಿಂದ ಒಂದು ಚೆಂಡನ್ನು 30ರ ವೇಗದಲ್ಲಿ ಎಸೆದಿದ್ದರೆ ಎರಡು ಸೆಕೆಂಡಿನ ನಂತರ ಅದು 60 − 20, ಅಂದರೆ 40 ಮೀಟರ್ ಎತ್ತರದಲ್ಲಿ, ಸರಿಯಾಗಿ 10ರ ವೇಗದಲ್ಲಿ ಕಟ್ಟಡದ ತುದಿಯನ್ನು ದಾಟುತ್ತಿತ್ತು. ನಿಮ್ಮ ಚೆಂಡಿನ ದಾರಿಯೂ ಅದರ ದಾರಿಯೂ ಅಲ್ಲಿಂದ ಮುಂದೆ ಒಂದೇ. −2ನ್ನು ಬಿಡಬೇಕಾದ ನಿಜವಾದ ಕಾರಣ ಇಷ್ಟೇ: ಸೊನ್ನೆಗಿಂತ ಮೊದಲು ನಿಮ್ಮ ಚೆಂಡು ಕೈಯಲ್ಲಿತ್ತು, ಸೂತ್ರ ಅಲ್ಲಿಗೆ ಅನ್ವಯಿಸುವುದಿಲ್ಲ. ಉತ್ತರ ಪತ್ರಿಕೆಯಲ್ಲಿ ಈ ಕಾರಣ ಬರೆದ ವಿದ್ಯಾರ್ಥಿಯನ್ನು ಕಂಡರೆ ಯಾವ ಮೇಷ್ಟ್ರಿಗಾದರೂ ಸಂತೋಷವಾಗುತ್ತದೆ.

ರಾಕೆಟ್ ಹಾರಿಸುವವರು ಮೈನಸ್ ಕ್ಷಣಗಳನ್ನು ದಿನವೂ ಬಳಸುತ್ತಾರೆ. ಚಂದ್ರಯಾನ-3 ಶ್ರೀಹರಿಕೋಟದಿಂದ ಹೊರಟಿದ್ದು 2023ರ ಜುಲೈ 14ರ ಮಧ್ಯಾಹ್ನ 2:35ಕ್ಕೆ. ಅದು ಅವರ ಸೊನ್ನೆ. ಅದಕ್ಕೂ ಮೊದಲಿನ ಕೆಲಸಗಳಿಗೆಲ್ಲ ಟಿ ಮೈನಸ್ ಇಷ್ಟು ಎಂದು ಹೆಸರು. ನೌಕೆ ರಾಕೆಟ್ಟಿನಿಂದ ಬೇರೆಯಾಗಿದ್ದು ಸುಮಾರು ಟಿ ಪ್ಲಸ್ 16 ನಿಮಿಷಕ್ಕೆ. ಉಡಾವಣೆ ಒಂದು ದಿನ ಮುಂದೆ ಹೋದರೆ ಗೋಡೆ ಗಡಿಯಾರದ ಕ್ಷಣಗಳೆಲ್ಲ ಬದಲಾಗುತ್ತವೆ. ಟಿಯಿಂದ ಎಣಿಸಿದ ಪಟ್ಟಿ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ.

ನಾಲ್ಕನೇ ಹೆಜ್ಜೆ: "ಇಷ್ಟನೇ ಸೆಕೆಂಡು" ಕಂಡರೆ ಎರಡು ಚುಕ್ಕಿ ಇಡಿ

5ನೇ ಸೆಕೆಂಡು ಎಂದ ಕೂಡಲೇ ಗೆರೆಯ ಮೇಲೆ 4ಕ್ಕೊಂದು, 5ಕ್ಕೊಂದು ಚುಕ್ಕಿ ಇಡಿ. ಅವುಗಳ ನಡುವಿನದೇ 5ನೇ ಸೆಕೆಂಡು. ಮೊದಲನೇ ಸೆಕೆಂಡು ಸೊನ್ನೆಯಿಂದ 1ರವರೆಗೆ. ಸೊನ್ನೆಯನೇ ಸೆಕೆಂಡು ಎಂಬುದು ಇಲ್ಲ.

ಇದಕ್ಕೊಂದು ಸೂತ್ರವಿದೆ: ಎನ್‌ನೇ ಸೆಕೆಂಡಿನ ಸ್ಥಾನಪಲ್ಲಟ = ಯು + ಎ(2ಎನ್ − 1)/2. ಸ್ಥಾನಪಲ್ಲಟ ಎಂದರೆ ಶುರುವಿನ ಜಾಗಕ್ಕೂ ಕೊನೆಯ ಜಾಗಕ್ಕೂ ಇರುವ ವ್ಯತ್ಯಾಸ. ಇದನ್ನು ನೋಡಿದ ಜಾಣ ವಿದ್ಯಾರ್ಥಿ ಒಂದು ತಕರಾರು ತೆಗೆಯುತ್ತಾನೆ. ಎಡಗಡೆ ಇರುವುದು ಮೀಟರ್. ಬಲಗಡೆ ಯು ಎಂದರೆ ಸೆಕೆಂಡಿಗೆ ಮೀಟರ್. ಇವು ಸಮ ಹೇಗೆ? ತಕರಾರು ನ್ಯಾಯವಾದದ್ದು. ಅಲ್ಲಿ 1 ಸೆಕೆಂಡು ಎನ್ನುವ ಅವಧಿ ಯುಗೆ ಗುಣಿಸಿಕೊಂಡು ನಿಂತಿದೆ. 1 ಆದ್ದರಿಂದ ಯಾರೂ ಬರೆಯುವುದಿಲ್ಲ. ನನ್ನ ಸಲಹೆ, ಈ ಸೂತ್ರವನ್ನು ಬಾಯಿಪಾಠ ಮಾಡಬೇಡಿ. ಎರಡು ಚುಕ್ಕಿಗಳಲ್ಲಿ ಸ್ಥಾನ ಎಷ್ಟು ಎಂದು ಕಂಡುಹಿಡಿದು ಕಳೆಯಿರಿ. ಒಂದು ಸಾಲು ಜಾಸ್ತಿ ಬರೆಯಬೇಕು, ಆದರೆ ತಪ್ಪಾಗುವುದಿಲ್ಲ.

ಕೈಬಿಟ್ಟ ಕಲ್ಲಿಗೆ ಇದನ್ನು ಮಾಡಿದರೆ ಒಂದೊಂದು ಸೆಕೆಂಡಿನಲ್ಲಿ 5, 15, 25, 35 ಮೀಟರ್ ಬರುತ್ತದೆ. 1, 3, 5, 7ರ ಅನುಪಾತ. ಇದನ್ನು ಕಂಡವನು ಗೆಲಿಲಿಯೊ. 1638ರಲ್ಲಿ ಅಚ್ಚಾದ ಬರಹದಲ್ಲಿ ಅವನು ತನ್ನ ಪ್ರಯೋಗವನ್ನು ವಿವರಿಸಿದ್ದಾನೆ. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸುವಾಗ, ಒಂದು ದೊಡ್ಡ ಪಾತ್ರೆಯಿಂದ ಸಣ್ಣ ಕೊಳವೆಯಲ್ಲಿ ನೀರು ಹರಿಯಲು ಬಿಟ್ಟು, ಗುಂಡು ಓಡಿದಷ್ಟು ಹೊತ್ತಿನಲ್ಲಿ ಬಿದ್ದ ನೀರನ್ನು ತೂಗಿದ. ಅವನ ತಕ್ಕಡಿಗೆ ಆಗ ಗಂಟೆ ಎಷ್ಟು ಎಂದು ಗೊತ್ತಿಲ್ಲ. ಗೊತ್ತಾಗುವುದೂ ಬೇಕಿರಲಿಲ್ಲ. ಬೀಳುವ ವಸ್ತುವಿನ ನಿಯಮಕ್ಕೆ ಬೇಕಾದದ್ದು ಅವಧಿ ಮಾತ್ರ.

ಐದನೇ ಹೆಜ್ಜೆ: ಕ್ಷಣದ ವೇಗವನ್ನು ಅವಧಿಯಿಂದ ಹಿಂಡಿ ತೆಗೆಯಿರಿ

ಕ್ಷಣಕ್ಕೆ ಉದ್ದ ಇಲ್ಲ. ಉದ್ದ ಇಲ್ಲದ ಕಾಲದಲ್ಲಿ ಕಲ್ಲು ಸಾಗಿದ ದೂರವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲಾಗದು. ಹಾಗಾದರೆ "3 ಸೆಕೆಂಡು ಆದಾಗ ವೇಗ 30" ಎಂದು ಹೇಗೆ ಹೇಳುತ್ತೇವೆ?

ಕೈಯಲ್ಲೇ ಮಾಡಿ ನೋಡಿ. ದೂರ 5ಟಿ². 3ರಿಂದ 4ರವರೆಗೆ ಸರಾಸರಿ ವೇಗ 35. 3ರಿಂದ 3.1ರವರೆಗೆ 30.5. 3ರಿಂದ 3.01ರವರೆಗೆ 30.05. 3.001ರವರೆಗೆ 30.005. ಅವಧಿಯನ್ನು ಕಿರಿದು ಮಾಡುತ್ತಾ ಹೋದಂತೆ ಸರಾಸರಿ 30ನ್ನು ಮುಟ್ಟಲು ಹೋಗುತ್ತದೆ. ಆ 30ನ್ನೇ 3 ಎನ್ನುವ ಗುರುತಿನ ತತ್‌ಕ್ಷಣದ ವೇಗ ಎನ್ನುತ್ತೇವೆ. ಕ್ಷಣ ಎಂದರೆ "ತುಂಬಾ ಸಣ್ಣ ಅವಧಿ" ಎಂದು ಬರೆದುಕೊಳ್ಳಬೇಡಿ. 0.001 ಸೆಕೆಂಡು ಕೂಡ ಅವಧಿಯೇ. ಅದರೊಳಗೆ ಬೇಕಾದಷ್ಟು ಕ್ಷಣಗಳಿವೆ.

ಈ ಭೇದ ತಿಳಿದರೆ ಇನ್ನೊಂದು ಹಳೆಯ ಗೊಂದಲವೂ ಬಗೆಹರಿಯುತ್ತದೆ. ಮೇಲೆಸೆದ ಚೆಂಡು ತುದಿಯಲ್ಲಿ "ಸ್ವಲ್ಪ ಹೊತ್ತು ನಿಲ್ಲುತ್ತದೆ" ಎಂದು ಹಲವರು ಹೇಳುತ್ತಾರೆ. ಅಲ್ಲಿ ವೇಗ ಸೊನ್ನೆ, ಸರಿ. ಆದರೆ ಒಂದು ಕ್ಷಣಕ್ಕೆ ಮಾತ್ರ. ಎಷ್ಟು ಹೊತ್ತು ನಿಂತಿತು ಎಂದರೆ ಸೊನ್ನೆ ಹೊತ್ತು. ತುದಿಗಿಂತ ಕೂದಲೆಳೆಯಷ್ಟು ಮೊದಲು ಅದು ಮೇಲೇರುತ್ತಿತ್ತು, ಕೂದಲೆಳೆಯಷ್ಟು ನಂತರ ಇಳಿಯುತ್ತಿದೆ. ನಿಜವಾಗಿ ಒಂದಿಷ್ಟು ಹೊತ್ತು ನಿಂತಿದ್ದರೆ ಆ ಹೊತ್ತಿಡೀ ವೇಗ ಬದಲಾಗುತ್ತಿರಲಿಲ್ಲ, ವೇಗೋತ್ಕರ್ಷ ಸೊನ್ನೆ ಆಗಬೇಕಿತ್ತು. ಆದರೆ ಗುರುತ್ವ ತುದಿಯಲ್ಲೂ ರಜೆ ತೆಗೆದುಕೊಳ್ಳುವುದಿಲ್ಲ. ಅಲ್ಲೂ ವೇಗೋತ್ಕರ್ಷ ಅದೇ 10.

ಆರನೇ ಹೆಜ್ಜೆ: ಯಾವ ಪರಿಮಾಣಕ್ಕೆ ಯಾವುದು ಬೇಕು ಎಂದು ವಿಂಗಡಿಸಿ

ಸ್ಥಾನ, ವೇಗ, ವೇಗೋತ್ಕರ್ಷ, ಬಲ, ಚಲನ ಶಕ್ತಿ, ವಿದ್ಯುತ್ ಪ್ರವಾಹ: ಇವುಗಳ ಬಗ್ಗೆ ಮಾತಾಡಲು ಒಂದು ಕ್ಷಣ ಸಾಕು. ಸ್ಥಾನಪಲ್ಲಟ, ಸಾಗಿದ ದೂರ, ಮಾಡಿದ ಕೆಲಸ, ಹರಿದ ವಿದ್ಯುದಾವೇಶ, ಮತ್ತು ಸರಾಸರಿ ಎನ್ನುವ ಪದ ಹೊತ್ತ ಎಲ್ಲವಕ್ಕೂ ಅವಧಿ ಬೇಕು. ಕರೆಂಟ್ ಬಿಲ್ಲಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2 ಕಿಲೋವ್ಯಾಟ್‌ನ ಗೀಸರ್ ಎನ್ನುವುದು ಅದು ಉರಿಯುತ್ತಿರುವ ಯಾವ ಕ್ಷಣಕ್ಕಾದರೂ ಹೇಳಬಹುದಾದ ಮಾತು. ಬಿಲ್ಲು ಬರುವುದು ಯೂನಿಟ್ಟಿಗೆ, ಅಂದರೆ ಕಿಲೋವ್ಯಾಟನ್ನು ಗಂಟೆಯಿಂದ ಗುಣಿಸಿದ್ದಕ್ಕೆ. ಅರ್ಧ ಗಂಟೆ ಹಾಕಿದರೆ 1 ಯೂನಿಟ್.

ಒಂದು ದೊಡ್ಡ ಉದಾಹರಣೆ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳಯಾನ ನೌಕೆ ಮಂಗಳದ ಕಕ್ಷೆಗೆ ಸೇರಿತು. ಅದಕ್ಕಾಗಿ ಎಂಜಿನ್ ಸುಮಾರು 1388 ಸೆಕೆಂಡು ಉರಿಯಿತು, ಅದರಿಂದ ವೇಗ ಸೆಕೆಂಡಿಗೆ 1099 ಮೀಟರ್‌ನಷ್ಟು ಬದಲಾಯಿತು. ಭಾಗಿಸಿ ನೋಡಿ. ಎಂಜಿನ್ ಕೊಡುವ ಸರಾಸರಿ ವೇಗೋತ್ಕರ್ಷ ಸುಮಾರು 0.79. ನೆಲದ ಮೇಲೆ ಬೀಳುವ ಕಲ್ಲಿನದಕ್ಕಿಂತ ಹನ್ನೆರಡು ಪಾಲು ಕಡಿಮೆ! ಇಷ್ಟು ಮೆಲ್ಲನೆ ತಳ್ಳುವುದರಿಂದಲೇ 23 ನಿಮಿಷ ಬೇಕು. ಆದರೆ ಈ 0.79 ಇಡೀ ಅವಧಿಯ ಸರಾಸರಿ. ಇಂಧನ ಉರಿದಂತೆ ನೌಕೆ ಹಗುರಾಗುತ್ತದೆ. ತಳ್ಳುವ ಬಲ ಅಷ್ಟೇ ಇದ್ದರೆ ವೇಗೋತ್ಕರ್ಷ ಏರುತ್ತಾ ಹೋಗುತ್ತದೆ. ಶುರುವಿನ ಕ್ಷಣದಲ್ಲಿ 0.79ಕ್ಕಿಂತ ಕಡಿಮೆ, ಕೊನೆಯ ಕ್ಷಣದಲ್ಲಿ ಜಾಸ್ತಿ.

ಆ ದಿನ ಮಂಗಳದಿಂದ ರೇಡಿಯೊ ಸುದ್ದಿ ಭೂಮಿಗೆ ಬರಲು ಸುಮಾರು ಹನ್ನೆರಡೂವರೆ ನಿಮಿಷ ಬೇಕಿತ್ತು. ಅಂದರೆ ಸುಮಾರು 22.5 ಕೋಟಿ ಕಿಲೋಮೀಟರ್. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕುಳಿತು "ಈಗ ಎಂಜಿನ್ ಹಚ್ಚು" ಎನ್ನುವಂತಿಲ್ಲ. ಹಾಗಾಗಿ ಕೆಲವು ದಿನ ಮೊದಲೇ ನೌಕೆಗೆ ಆದೇಶಗಳನ್ನು ಕಳಿಸಿ ಇಟ್ಟಿದ್ದರು. ಪ್ರತಿ ಆದೇಶಕ್ಕೂ ಅದು ನಡೆಯಬೇಕಾದ ಕ್ಷಣವನ್ನು ಅಂಟಿಸಿದ್ದರು. ಘಟನೆ ನಡೆದ ಕ್ಷಣ ಬೇರೆ, ನಮಗೆ ತಿಳಿದ ಕ್ಷಣ ಬೇರೆ, ಅವುಗಳ ನಡುವಿನ ಅವಧಿ ಬೇರೆ. ಈ ಮೂರನ್ನೂ ಬೇರೆ ಬೇರೆಯಾಗಿ ಲೆಕ್ಕ ಇಡದಿದ್ದರೆ ಅಷ್ಟು ದೂರ ನೌಕೆ ನಡೆಸಲು ಆಗುತ್ತಲೇ ಇರಲಿಲ್ಲ.

ಏಳನೇ ಹೆಜ್ಜೆ: ಪ್ರಯೋಗಾಲಯದಲ್ಲಿ ಸೊನ್ನೆಯಿಂದ ಎಣಿಸಿ

ಸರಳ ಲೋಲಕ ಎಂದರೆ ದಾರಕ್ಕೆ ಕಟ್ಟಿ ತೂಗಾಡಿಸುವ ಗುಂಡು. ಅದರ ಪ್ರಯೋಗದಲ್ಲಿ 20 ಆಂದೋಲನಗಳ ಕಾಲ ಅಳೆಯುತ್ತೇವೆ. ಗುಂಡು ಮಧ್ಯದ ಗುರುತನ್ನು ಒಂದೇ ದಿಕ್ಕಿನಲ್ಲಿ ದಾಟುವುದು ಒಂದು ಕ್ಷಣ. ಆಂದೋಲನ ಒಂದು ಅವಧಿ. ಸ್ಟಾಪ್‌ವಾಚ್ ಒತ್ತುವಾಗಲೇ "ಒಂದು" ಎಂದು ಎಣಿಸಿದರೆ "ಇಪ್ಪತ್ತು" ಎನ್ನುವಾಗ 20 ಕ್ಷಣಗಳಾಗಿವೆ, ಆದರೆ ನಡುವೆ ಮುಗಿದ ಆಂದೋಲನಗಳು 19 ಮಾತ್ರ. ಒತ್ತುವಾಗ "ಸೊನ್ನೆ" ಎನ್ನಬೇಕು.

ಇದು ಸಣ್ಣ ತಪ್ಪು ಎನಿಸಬಹುದು. ಲೆಕ್ಕ ಹಾಕಿ. 1 ಮೀಟರ್ ಉದ್ದದ ಲೋಲಕಕ್ಕೆ ಒಂದು ಆಂದೋಲನ ಸುಮಾರು 2 ಸೆಕೆಂಡು. 20ಕ್ಕೆ 40 ಸೆಕೆಂಡಿಗೆ ಸ್ವಲ್ಪ ಮೇಲೆ ಬರಬೇಕು, ನಿಮಗೆ 38 ಬರುತ್ತದೆ. ಅದನ್ನು 20ರಿಂದ ಭಾಗಿಸಿ ಸೂತ್ರಕ್ಕೆ ಹಾಕಿದರೆ ಜಿ, ಅಂದರೆ ಗುರುತ್ವದ ವೇಗೋತ್ಕರ್ಷದ ಬೆಲೆ 9.8ರ ಬದಲು ಸುಮಾರು 10.9 ಬರುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಜಿ 10.9ರ ಹತ್ತಿರ ಬಂದಿದ್ದರೆ ಮೊದಲು ಎಣಿಕೆಯನ್ನೇ ಅನುಮಾನಿಸಿ, ದಾರದ ಉದ್ದವನ್ನು ಆಮೇಲೆ ನೋಡಿ.

ಗಡಿಯಾರದ ತಪ್ಪಿನಲ್ಲೂ ಎರಡು ಬಗೆ. ಗೋಡೆಯ ಗಡಿಯಾರ ಐದು ನಿಮಿಷ ಮುಂದಿದ್ದರೆ ಅದು ಹೇಳುವ ಕ್ಷಣಗಳೆಲ್ಲ ತಪ್ಪು. ಆದರೆ ಅದರಲ್ಲಿ ಅಳೆದ ಅವಧಿ ಸರಿ, ಏಕೆಂದರೆ ಕಳೆಯುವಾಗ ಆ ಐದು ನಿಮಿಷ ಎರಡೂ ಕಡೆಯಿಂದ ಹೋಗುತ್ತದೆ. ಗಡಿಯಾರ ನಿಧಾನವಾಗಿ ಓಡುತ್ತಿದ್ದರೆ ಮಾತ್ರ ಅವಧಿಯೂ ಕೆಡುತ್ತದೆ. ಬೆಳಗ್ಗೆ ಸರಿಮಾಡಿ ಇಟ್ಟರೂ ಉಪಯೋಗವಿಲ್ಲ. ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡವೂ ಹಾಗೇ: ಶುರುವಿಗೂ ಕೊನೆಗೂ ಒಂದೇ ಸಮ ತಡವಾದರೆ ತೊಂದರೆಯಿಲ್ಲ.

ಸೆಕೆಂಡು ಎಂದರೆ ಅವಧಿ, ಗಂಟೆ ಎಷ್ಟು ಎನ್ನುವುದು ಒಪ್ಪಂದ

1967ರಿಂದ ಸೆಕೆಂಡಿನ ಅಳತೆ ಸೀಸಿಯಂ ಪರಮಾಣುವಿನ ಮೇಲೆ ನಿಂತಿದೆ. ಅದರ ಒಂದು ನಿರ್ದಿಷ್ಟ ವಿಕಿರಣದ 9,192,631,770 ಕಂಪನಗಳಿಗೆ ಹಿಡಿಯುವ ಕಾಲ ಒಂದು ಸೆಕೆಂಡು. ಈ ಕಂಪನಗಳನ್ನು ಎಷ್ಟು ಎಣಿಸಿದರೂ ಈಗ ಗಂಟೆ ಎಷ್ಟು ಎಂದು ತಿಳಿಯುವುದಿಲ್ಲ. ಅದಕ್ಕೆ ಎಲ್ಲರೂ ಒಪ್ಪಿದ ಒಂದು ಸೊನ್ನೆ ಬೇಕು. ಬಹಳಷ್ಟು ಕಂಪ್ಯೂಟರುಗಳ ಸೊನ್ನೆ 1970ರ ಜನವರಿ 1. ಜಿಪಿಎಸ್‌ನ ಸೊನ್ನೆ 1980ರ ಜನವರಿ 6.

ಈ ಒಪ್ಪಂದದಲ್ಲಿ ಒಂದು ಸೂಕ್ಷ್ಮ ಇದೆ. ಭೂಮಿ ತಿರುಗುವ ಗತಿ ಪರಮಾಣು ಗಡಿಯಾರಕ್ಕೆ ಸರಿಯಾಗಿ ಹೊಂದುವುದಿಲ್ಲ. ಅದಕ್ಕೆ 1972ರಿಂದ ಒಟ್ಟು 27 ಸಲ ಒಂದೊಂದು ಹೆಚ್ಚುವರಿ ಸೆಕೆಂಡು ಸೇರಿಸಿದ್ದಾರೆ. ಕೊನೆಯದು 2016ರ ಕೊನೆಯಲ್ಲಿ. ನಮ್ಮ ಗಡಿಯಾರದಲ್ಲಿ ಅದು ಬಂದದ್ದು 2017ರ ಜನವರಿ 1ರ ಬೆಳಗ್ಗೆ 5:29:59 ಆದ ಮೇಲೆ. 5:29:60 ಎಂಬ ಒಂದು ಗುರುತು ಬಂದು, ನಂತರ 5:30:00 ಆಯಿತು. ಬರೀ ಕಳೆದರೆ 5:29:59ರಿಂದ 5:30:00ರವರೆಗೆ 1 ಸೆಕೆಂಡು. ನಿಜವಾಗಿ ಕಳೆದದ್ದು 2. ತುಂಬಾ ನಿಖರವಾದ ಕೆಲಸದಲ್ಲಿ ಎರಡು ಕ್ಷಣಗಳ ಹೆಸರುಗಳನ್ನು ಕಳೆದ ಮಾತ್ರಕ್ಕೆ ಅವಧಿ ಸಿಗುವುದಿಲ್ಲ, ನಡುವೆ ಏನು ಸೇರಿಸಿದ್ದಾರೆ ಎಂದೂ ನೋಡಬೇಕು.

ಬೆಳಕಿನ ಹತ್ತಿರದ ವೇಗಕ್ಕೆ ಹೋದರೆ ಇನ್ನೂ ಒಂದು ಮಾತಿದೆ. ಅಲ್ಲಿ ಎರಡು ಘಟನೆಗಳ ನಡುವಿನ ಅವಧಿ ಎಲ್ಲರಿಗೂ ಒಂದೇ ಅಲ್ಲ. ವಾತಾವರಣದ ಮೇಲ್ಭಾಗದಲ್ಲಿ ಹುಟ್ಟುವ ಮ್ಯೂಆನ್ ಕಣದ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡು. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ 660 ಮೀಟರ್ ಮಾತ್ರ ಸಾಗಬೇಕು. ಆದರೆ ಅವು ಹತ್ತು-ಹದಿನೈದು ಕಿಲೋಮೀಟರ್ ಇಳಿದು ನೆಲ ಮುಟ್ಟುತ್ತವೆ. ಕೋಲಾರದ ಚಿನ್ನದ ಗಣಿಯ ಆಳದಲ್ಲೂ ನಮ್ಮ ವಿಜ್ಞಾನಿಗಳು ಅವನ್ನು ಹಿಡಿದು ಎಣಿಸಿದ್ದಾರೆ. 2.2 ಎನ್ನುವುದು ಮ್ಯೂಆನ್ ತನ್ನ ಜೊತೆ ಹೊತ್ತ ಗಡಿಯಾರದ ಅವಧಿ. ನೆಲದ ಗಡಿಯಾರಕ್ಕೆ ಅದೇ ಬದುಕು ಎಷ್ಟೋ ಪಟ್ಟು ಉದ್ದ. ಇದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕಲ್ಲು, ಬಸ್ಸು, ಲೋಲಕಗಳಿಗೆ ಇದರ ಅಗತ್ಯವಿಲ್ಲ.

ನೀವೇ ಮಾಡಿ

ಒಂದು: ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದಿದ್ದೀರಿ. ಯಾವ ಕ್ಷಣಗಳಲ್ಲಿ ಅದು 15 ಮೀಟರ್ ಎತ್ತರದಲ್ಲಿರುತ್ತದೆ? ಎಷ್ಟು ಹೊತ್ತು 15 ಮೀಟರ್‌ಗಿಂತ ಮೇಲಿರುತ್ತದೆ?

20ಟಿ − 5ಟಿ² = 15. ಟಿ = 1 ಮತ್ತು ಟಿ = 3. ಮೊದಲನೆಯದು ಏರುವಾಗ, ಎರಡನೆಯದು ಇಳಿಯುವಾಗ. ಕಳೆದರೆ 2 ಸೆಕೆಂಡು.

ಎರಡು: ಅದೇ ಚೆಂಡನ್ನು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಎಸೆದರೆ 3ನೇ ಸೆಕೆಂಡಿನಲ್ಲಿ ಅದರ ಸ್ಥಾನಪಲ್ಲಟ ಎಷ್ಟು, ಸಾಗಿದ ದೂರ ಎಷ್ಟು?

2ಕ್ಕೊಂದು, 3ಕ್ಕೊಂದು ಚುಕ್ಕಿ ಇಡಿ. 2ರಲ್ಲಿ ಎತ್ತರ 50 − 20 = 30 ಮೀಟರ್. 3ರಲ್ಲಿ 75 − 45 = 30 ಮೀಟರ್. ಸ್ಥಾನಪಲ್ಲಟ ಸೊನ್ನೆ. ಆದರೆ ಚೆಂಡು ಸುಮ್ಮನಿರಲಿಲ್ಲ. ವೇಗ ಸೊನ್ನೆಯಾಗುವ ಕ್ಷಣ 2.5, ಅದು ಈ ಎರಡು ಚುಕ್ಕಿಗಳ ನಡುವೆಯೇ ಇದೆ. ಅಲ್ಲಿ ಎತ್ತರ 31.25 ಮೀಟರ್. 1.25 ಮೀಟರ್ ಏರಿ 1.25 ಮೀಟರ್ ಇಳಿದಿದೆ, ಸಾಗಿದ ದೂರ 2.5 ಮೀಟರ್.